ಟವರ್‌ನಿಂದ ಟವರ್‌ಗೆ: ಮೊಬೈಲ್ ಸಂಪರ್ಕಕ್ಕೊಂದು ತಳಿ ಆಯ್ಕೆ

ಕೇಳುಗರಿಗೆ ನಮಸ್ಕಾರ.

ಮೈಸೂರಿನಿಂದ ಮಂಡ್ಯಕ್ಕೆ ಹೊರಟ ರೈಲಿನಲ್ಲಿ ಕುಳಿತು ಮೊಬೈಲಿನಲ್ಲಿ ಮಾತನಾಡುವವರು, ಶ್ರೀರಂಗಪಟ್ಟಣ, ಪಾಂಡವಪುರಗಳನ್ನು ದಾಟುವಷ್ಟರಲ್ಲಿ ಒಂದು ಟವರ್‌ನ ಆಸರೆ ಬಿಟ್ಟು ಇನ್ನೊಂದರ ಆಸರೆಯನ್ನು ಹಲವು ಬಾರಿ ಹಿಡಿದಿರುತ್ತಾರೆ. ಮಾತು ತುಂಡಾಗದಿದ್ದರೆ ಅದು ಅವರ ಗಮನಕ್ಕೂ ಬರುವುದಿಲ್ಲ. ಹ್ಯಾಂಡೋವರ್ ಎಂದು ಕರೆಯುವ ಈ ಹಸ್ತಾಂತರ ತೀರಾ ಬೇಗ ನಡೆದರೆ ಫೋನು ಎರಡು ಟವರ್‌ಗಳ ನಡುವೆ ಚೆಂಡಿನಂತೆ ಅತ್ತಿತ್ತ ಪುಟಿಯುತ್ತದೆ. ತಡವಾದರೆ ಕರೆಯೇ ಕಡಿದುಹೋಗುತ್ತದೆ.

4ಜಿ ವ್ಯವಸ್ಥೆಯಲ್ಲಿ ಇದನ್ನು ಹಿಡಿತದಲ್ಲಿಡಲು ಹೊಂದಿಸುವ ಅಂಶಗಳಲ್ಲಿ ಎರಡು ಮುಖ್ಯವಾದವು. ಪಕ್ಕದ ಟವರ್‌ನ ಸಂಕೇತ ಈಗಿನದಕ್ಕಿಂತ ಎಷ್ಟು ಡೆಸಿಬಲ್ (ಸಂಕೇತದ ಬಲದ ಅಳತೆ) ಮೇಲಿರಬೇಕೆಂಬುದಕ್ಕೆ 0ಯಿಂದ 15ರವರೆಗೆ ಅರ್ಧರ್ಧದ 31 ಬೆಲೆಗಳು, ಅಂದರೆ ಆರಿಸಿಕೊಳ್ಳಬಹುದಾದ ಅಂಕಿಗಳು, ಇವೆ. ಆ ಮೇಲುಗೈ ಎಷ್ಟು ಹೊತ್ತು ನಿಲ್ಲಬೇಕೆಂಬುದಕ್ಕೆ 0ಯಿಂದ 5120 ಮಿಲಿಸೆಕೆಂಡಿನವರೆಗೆ 16 ಬೆಲೆಗಳಿವೆ. ಅಲ್ಲಿಗೆ ಒಂದೇ ಟವರ್‌ಗೆ 496 ಜೋಡಿಗಳಾದವು. ಹತ್ತು ಟವರ್‌ಗಳನ್ನು ಒಟ್ಟಿಗೆ ಹೊಂದಿಸಹೊರಟರೆ ಸಾಧ್ಯತೆಗಳ ಲೆಕ್ಕ 27 ಅಂಕಿಗಳ ಸಂಖ್ಯೆಯಾಗುತ್ತದೆ. ಒಂದೊಂದನ್ನೂ ಪರೀಕ್ಷಿಸುವ ಮಾತು ಅಲ್ಲಿಗೇ ಮುಗಿಯಿತು.

ಮಂಡ್ಯದ ವಿ.ಸಿ. ಫಾರಂನಲ್ಲಿ ಭತ್ತದ ತಳಿಗಳನ್ನು ಸಂಕರ ಮಾಡುವ ಕ್ರಮವನ್ನು ಬಲ್ಲ ರೈತರಿಗೆ ಮುಂದಿನ ಉಪಾಯ ಹೊಸದೆನಿಸದು. ಅಮೆರಿಕದ ವಿಜ್ಞಾನಿ ಜಾನ್ ಹಾಲೆಂಡ್ 1975ರಲ್ಲಿ ಪುಸ್ತಕರೂಪದಲ್ಲಿ ವಿವರಿಸಿದ ಜೆನೆಟಿಕ್ ಅಲ್ಗಾರಿದಮ್ ಎಂಬ ಕಂಪ್ಯೂಟರ್ ಲೆಕ್ಕದ ವಿಧಾನ ಇದೇ ಜಾಡಿನದು. ಹತ್ತೂ ಟವರ್‌ಗಳ ಬೆಲೆಗಳನ್ನು ಸಾಲಾಗಿ ಬರೆದರೆ ಅದೊಂದು ಬೀಜ. ಅಂಥ ನೂರಾರು ಬೀಜಗಳನ್ನು ಮನಬಂದಂತೆ ಸೃಷ್ಟಿಸಿ, ಕಂಪ್ಯೂಟರಿನೊಳಗಿನ ಕೃತಕ ಮೊಬೈಲ್ ಜಾಲದಲ್ಲಿ ಬಿತ್ತಿ ನೋಡಿ, ಕಡಿದ ಕರೆಗಳೂ ವೃಥಾ ಹಸ್ತಾಂತರಗಳೂ ಕಡಿಮೆಯಿರುವವನ್ನು ಉಳಿಸಿಕೊಂಡು, ಒಂದರ ಅರ್ಧವನ್ನು ಇನ್ನೊಂದರ ಅರ್ಧದೊಡನೆ ಕೂಡಿಸಿ, ಅಲ್ಲೊಂದು ಇಲ್ಲೊಂದು ಬೆಲೆಯನ್ನು ಬದಲಿಸಿ, ಮತ್ತೆ ಬಿತ್ತುತ್ತಾರೆ. ತಲೆಮಾರುಗಳು ಕಳೆದಂತೆ ಒಳ್ಳೆಯ ಹೊಂದಾಣಿಕೆಗಳು ಉಳಿಯುತ್ತವೆ. ಸಿಕ್ಕಿದ್ದೇ ಅತ್ಯುತ್ತಮವೆಂಬ ಖಾತರಿ ಮಾತ್ರ ಇಲ್ಲ. ಇಷ್ಟು ಸುತ್ತುಗಳಿಗೆ ಹೊತ್ತು ಹಿಡಿಯುವುದರಿಂದ, ರೈಲು ಓಡುವಾಗ ಈ ಲೆಕ್ಕ ನಡೆಯುವುದಿಲ್ಲ. ಮೊದಲೇ ಬೆಳೆಸಿದ ಬೆಲೆಗಳನ್ನು ಟವರ್‌ಗಳಲ್ಲಿ ಕೂರಿಸಿರುತ್ತಾರೆ.

ನನ್ನ ಮಟ್ಟಿಗೆ, ಇಲ್ಲಿ ಜಾಣತನ ಬೇಕಾಗುವುದು ಅಲ್ಗಾರಿದಮ್‌ಗಿಂತ ಬೀಜಗಳನ್ನು ಆರಿಸುವ ಅಳತೆಗೋಲಿಗೆ. ಅತ್ತಿತ್ತ ಪುಟಿಯುವುದನ್ನಷ್ಟೇ ತಪ್ಪೆಂದು ಎಣಿಸಿದರೆ, ಹಸ್ತಾಂತರವನ್ನೇ ಮಾಡದೆ ಕರೆಯನ್ನು ಕಡಿಯಲು ಬಿಡುವ ತಳಿಯೇ ಗೆದ್ದು ಬರುತ್ತದೆ. ಇಳುವರಿಯೊಂದನ್ನೇ ನೋಡಿ ಆರಿಸಿದ ಭತ್ತ ಗಾಳಿಗೆ ನೆಲಕಚ್ಚಿದಂತೆ ಅದು.

ರೈಲುಹಾದಿಗೆಂದು ಬೆಳೆಸಿದ ತಳಿ ಜಂಬೂಸವಾರಿಯ ದಿನ ಅರಮನೆಯಿಂದ ಬನ್ನಿಮಂಟಪದವರೆಗಿನ ಬೀದಿಗೆ ಒಗ್ಗುವುದೂ ಕಷ್ಟ. ಅಲ್ಲಿ ಜನ ಓಡುತ್ತಿರುವುದಿಲ್ಲ, ಕಿಕ್ಕಿರಿದು ನಿಂತಿರುತ್ತಾರೆ. ಹತ್ತಿರದ ಟವರ್ ತುಂಬಿದ್ದಾಗ ಸಂಕೇತ ತುಸು ಕ್ಷೀಣವಾದ ಬೇರೊಂದಕ್ಕೆ ಕೆಲವರನ್ನು ದಾಟಿಸುವುದೇ ಮೇಲು. ಆದ್ದರಿಂದ ಅಳತೆಗೋಲಿಗೆ ಟವರ್‌ನ ಹೊರೆಯನ್ನೂ, ಬೀಜಕ್ಕೆ ಕ್ಷೀಣ ಸಂಕೇತದತ್ತಲೂ ದಾಟಲು ಬಿಡುವ ಬೆಲೆಯನ್ನೂ ಸೇರಿಸಿ, ಮೊದಲ ಬೀಜದಿಂದಲೇ ಮತ್ತೆ ಆರಂಭಿಸಬೇಕಾಗುತ್ತದೆ.