ದನಿ ಗೊತ್ತಿತ್ತು, ಎತ್ತರ ಗೊತ್ತಿರಲಿಲ್ಲ: ಮೈಸೂರಿನಲ್ಲಿ ನಮ್ಮ ಓದಿನ ಗುಂಪು

ನಮಸ್ಕಾರ. ಈ ವಿಡಿಯೋದಲ್ಲಿ ಯಾರ ಮುಖವೂ ಕಾಣುವುದಿಲ್ಲ. ಕೈ, ಚಪ್ಪಲಿ, ಬೆನ್ನು, ಮುಡಿದ ಹೂವು, ದೋಸೆ ತಟ್ಟೆ, ಇಷ್ಟೇ. ನಮ್ಮವರಲ್ಲಿ ಇಬ್ಬರಿಗೆ ಮುಖ ತೋರಿಸಲು ಇಷ್ಟವಿರಲಿಲ್ಲ. ಹಾಗಾದರೆ ಯಾರದ್ದೂ ಬೇಡ ಅಂತ ಎಲ್ಲರೂ ಒಪ್ಪಿಕೊಂಡೆವು.

ನಾವು ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಪ್ರತಿ ಗುರುವಾರ ರಾತ್ರಿ ಒಂಬತ್ತೂವರೆಗೆ ಗುಂಪು ಕರೆ. ಒಬ್ಬರು ಕತೆಯನ್ನೋ ಕಾದಂಬರಿಯ ಒಂದು ಅಧ್ಯಾಯವನ್ನೋ ಗಟ್ಟಿಯಾಗಿ ಓದುತ್ತಾರೆ. ಉಳಿದವರು ಕೇಳುತ್ತಾರೆ. ಧಾರವಾಡದ ಅಕ್ಕನಿಗೆ ಕಣ್ಣಿನ ಪೊರೆಯ ಆಪರೇಷನ್ ಆದಾಗ ಕೆಲವು ವಾರ ಓದುವ ಹಾಗಿರಲಿಲ್ಲ. ಅವರಿಗೋಸ್ಕರ ಶುರು ಮಾಡಿದ್ದು. ಕಣ್ಣು ಸರಿಹೋಯಿತು, ಓದು ನಿಲ್ಲಲಿಲ್ಲ. ಗುಂಪಿನಲ್ಲಿ ನಮಗೆಲ್ಲ ಊರೇ ಹೆಸರು. ಧಾರವಾಡದ ಅಕ್ಕ, ಮಂಡ್ಯದಣ್ಣ, ಪುತ್ತೂರಿನ ತಮ್ಮ, ಕಲಬುರಗಿ ಗೆಳತಿ. ನಾನು ತುಮಕೂರು.

ಮೈಸೂರೇ ಯಾಕೆ ಅಂದರೆ, ಅದು ನಮ್ಮಲ್ಲಿ ಯಾರ ಊರೂ ಅಲ್ಲ. ಒಬ್ಬರ ಮನೆಗೆ ಹೋದರೆ ಅವರು ಅಡುಗೆಮನೆ ಸೇರಿಬಿಡುತ್ತಾರೆ. ಉಳಿದವರು ನೆಂಟರಾಗಿಬಿಡುತ್ತಾರೆ. ಮೊದಲ ಭೇಟಿಯಲ್ಲಿ ಎಲ್ಲರೂ ಒಂದೇ ಸಮ ಇರಬೇಕು ಅನ್ನಿಸಿತ್ತು. ಧಾರವಾಡದಿಂದ ರಾತ್ರಿ ರೈಲಿದೆ. ಪುತ್ತೂರಿನಿಂದ ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಹುಣಸೂರಿನ ಮೇಲೆ ಬಸ್ಸು ಬರುತ್ತದೆ. ನನಗೆ ಕುಣಿಗಲ್, ನಾಗಮಂಗಲದ ದಾರಿ. ಮಂಡ್ಯದಣ್ಣನಿಗಂತೂ ಬೆಳಗಿನ ಲೋಕಲ್ ರೈಲು ಸಾಕು.

ಅಮ್ಮನಿಗೆ ಚಿಂತೆಯಾಗಿತ್ತು. ಮುಖ ನೋಡದವರ ಜೊತೆ ಊರು ಬಿಟ್ಟು ಊರಿಗೆ ಯಾಕೆ ಅಂತ. ಆ ಚಿಂತೆ ಸರಿಯಾದದ್ದೇ, ಸುಮ್ನೆ ತಳ್ಳಿಹಾಕುವಂಥದ್ದಲ್ಲ. ನೀವು ಇಂಥ ಭೇಟಿಗೆ ಹೊರಡುವವರಾದರೆ ಇದನ್ನು ಮಾತ್ರ ಗಮನವಿಟ್ಟು ಕೇಳಿ. ಹೊರಡುವ ಮೊದಲು ಎಲ್ಲರೂ ಒಮ್ಮೆ ವಿಡಿಯೋ ಕಾಲ್ ಮಾಡಿದೆವು. ಅಕ್ಕ ನಮ್ಮ ಅಮ್ಮನ ಹತ್ತಿರ ತಾವೇ ಮಾತಾಡಿದರು. ರೈಲ್ವೆ ಸ್ಟೇಷನ್ ಹತ್ತಿರದ ಲಾಡ್ಜಿನಲ್ಲಿ ಹೆಂಗಸರಿಗೆ ಒಂದು ರೂಮು, ಗಂಡಸರಿಗೆ ಒಂದು. ವಿಳಾಸ ಎಲ್ಲರ ಮನೆಯಲ್ಲೂ ಗೊತ್ತಿತ್ತು. ವಾಪಸ್ ಟಿಕೆಟ್ ಅವರವರದೇ. ಮನಸ್ಸಿಗೆ ಸರಿಬರದಿದ್ದರೆ ಯಾರು ಬೇಕಾದರೂ ಎದ್ದು ಹೊರಡಬಹುದು, ಕಾರಣ ಕೇಳುವಂತಿಲ್ಲ ಅಂತ ಮೊದಲೇ ಮಾತಾಗಿತ್ತು. ಅಷ್ಟಾದ ಮೇಲೆ ಮನಸ್ಸು ಹಗುರವಾಯಿತು.

ನೀವೀಗ ನೋಡುತ್ತಿರುವುದು ದೊಡ್ಡ ಗಡಿಯಾರ. ಪುರಭವನದ ಮುಂದೆ, ಅರಮನೆಯಿಂದ ನಾಲ್ಕು ಹೆಜ್ಜೆ. ನಾಲ್ವಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದು 25 ವರ್ಷ ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು. 75 ಅಡಿ ಎತ್ತರ. ಅಂಕಿಗಳನ್ನು ನೋಡಿ, ಕನ್ನಡದಲ್ಲಿವೆ. ಕನ್ನಡ ಓದುವ ಗುಂಪು ಸೇರಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಹೊಳೆಯಲಿಲ್ಲ.

ವಿಡಿಯೋ ಕಾಲ್‌ನಲ್ಲಿ ಮುಖ ನೋಡಿದ್ದೆವು, ನಿಜ. ಆದರೆ ಅಂಗೈಯಗಲದ ಪರದೆಯಲ್ಲಿ ಎತ್ತರ ಗೊತ್ತಾಗಲ್ಲ ಅಲ್ವಾ? ಅಕ್ಕನ ದನಿ ಗಟ್ಟಿ, ಖಡಕ್ಕು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಎತ್ತರದ ಹೆಂಗಸು ಅಂತಲೇ ನನ್ನ ಮನಸ್ಸಿನಲ್ಲಿತ್ತು. ಬಂದವರು ನನ್ನ ಭುಜದಷ್ಟೂ ಇಲ್ಲ. ಆಟೋ ಇಳಿದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಅಯ್ಯ, ಇಷ್ಟ ಸಣ್ಣಾಕಿ ಇದ್ದಿ ಏನ ನೀ!' ಅಂದರು. ವಯಸ್ಸಿನ ಮಾತು ಅದು. ನನ್ನ ದನಿ ಕೇಳಿ ನಲವತ್ತು ದಾಟಿದವಳು ಅಂದುಕೊಂಡಿದ್ದರಂತೆ. ಕೈ ಹಿಡಿದರು. ಊಟದವರೆಗೂ ಬಿಡಲಿಲ್ಲ.

ಮಂಡ್ಯದಣ್ಣ ಓದುವಾಗ ಪುಸ್ತಕದ ಕನ್ನಡ. ಒಂದು ಅಕ್ಷರ ಆಚೀಚೆ ಆಗುವುದಿಲ್ಲ. ಎದುರಿಗೆ ಬಂದಾಗ ಮಾತ್ರ, 'ಬನ್ನಿ ಅಕ್ಕೋ, ಮೊದ್ಲು ಒಟ್ಟೆಗ್ ಏನಾರ ಆಕ್ಕಳವ!' ಎಷ್ಟು ಚೆಂದದ ಮಾತು. ಇಷ್ಟು ದಿನ ಇದನ್ನು ನಮ್ಮಿಂದ ಯಾಕೆ ಬಚ್ಚಿಟ್ಟಿದ್ದಿರಿ ಅಂತ ಅಕ್ಕ ಅವರನ್ನು ಕೇಳಿಯೇಬಿಟ್ಟರು.

ಇನ್ನು ಪುತ್ತೂರಿನ ತಮ್ಮ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಅವನ ಓದು ಕೇಳಬೇಕು ನೀವು. ಸಣ್ಣಪುಟ್ಟ ಪಾತ್ರಕ್ಕೂ ಒಂದೊಂದು ದನಿ ಕೊಡುತ್ತಾನೆ. ಅಜ್ಜಿ ಬಂದರೆ ಅಜ್ಜಿ, ಪೊಲೀಸ್ ಬಂದರೆ ಪೊಲೀಸ್. ಎದುರಿಗೆ ಬಂದವನು ನಮಸ್ಕಾರ ಅಂದ, ಅಷ್ಟೇ. ಮೈಲಾರಿ ದೋಸೆ ತಿನ್ನುವಾಗಲೂ ಮಾತಿಲ್ಲ. ಮೆತ್ತನೆಯ ದೋಸೆ, ಒಳಗೆ ಸಾಗು, ಮೇಲೆ ಬೆಣ್ಣೆ. ಅದರ ಬಗ್ಗೆಯೂ ಒಂದು ಮಾತಿಲ್ಲ. ನಮ್ಮನ್ನು ನೋಡಿ ಬೇಜಾರಾಯಿತೇನೋ ಅಂತ ನನಗೆ ಒಳಗೊಳಗೇ ಸಂಕಟ. ಅಣ್ಣ ಕಣ್ಣಲ್ಲೇ ಸನ್ನೆ ಮಾಡಿದರು, ಇರಲಿ ಬಿಡು ಅಂತ. ಯಾರೂ ಅವನನ್ನು ಮಾತಿಗೆಳೆಯಲಿಲ್ಲ.

ಮಾತು ಬಂದದ್ದು ದೇವರಾಜ ಮಾರುಕಟ್ಟೆಯಲ್ಲಿ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋದೆವು. ಕುಂಕುಮದ ರಾಶಿ, ಬಾಳೆಗೊನೆ, ಹೂವಿನ ಸಾಲು. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಈ ಮೂರಕ್ಕೂ ಜಿಐ ಮಾನ್ಯತೆ ಇದೆ. ಈ ಮಣ್ಣಿನಲ್ಲಿ ಬೆಳೆದರೇನೇ ಆ ಹೆಸರು. ಅಕ್ಕ ಎರಡು ಮೊಳ ಮಲ್ಲಿಗೆ ಕೊಂಡು ನನ್ನ ಜಡೆಗೂ ಮುಡಿಸಿದರು. ವೀಳ್ಯದೆಲೆ ಅಂಗಡಿಯ ಮುಂದೆ ನಮ್ಮ ತಮ್ಮ ನಿಂತ. ಪಕ್ಕದ ಡಬ್ಬಿಯಿಂದ ಅಡಿಕೆಯ ಹೋಳೊಂದನ್ನು ಎತ್ತಿ ತಿರುಗಿಸಿ ನೋಡಿದ. ನಾನು ಸುಮ್ನೆ ಕೇಳಿದೆ, ನಿಮ್ಮ ಕಡೆ ಅಡಿಕೆ ಎಷ್ಟು ಹೊತ್ತು ಬೇಯಿಸುತ್ತೀರಿ ಅಂತ.

'ಇಲ್ಲ ಅಕ್ಕ, ನಮ್ಮಲ್ಲಿ ಬೇಯಿಸುವ ಕ್ರಮ ಇಲ್ಲ.'

ಅಲ್ಲಿಂದ ಶುರು. ತುಮಕೂರು, ಶಿವಮೊಗ್ಗದ ಕಡೆ ಕಾಯಿ ಹಸಿರಿರುವಾಗಲೇ ಕೊಯ್ದು, ಸುಲಿದು, ಬೇಯಿಸಿ ಒಣಗಿಸುತ್ತಾರೆ. ಅದು ಕೆಂಪಡಿಕೆ. ಪುತ್ತೂರಿನ ಕಡೆ ಹಾಗಲ್ಲ. ಹಣ್ಣಾದ ಮೇಲೆ ಕೊಯ್ಯುವುದು. ಸಿಪ್ಪೆಯ ಸಮೇತ ಅಂಗಳದಲ್ಲಿ ಸುಮಾರು ಒಂದೂವರೆ ತಿಂಗಳು ಒಣಗಿಸುವುದು. ಆಮೇಲೆ ಸುಲಿಯುವುದು. ಅದು ಚಾಲಿ. ಮಧ್ಯೆ ಒಂದು ಮಳೆ ಬಂದರೆ ಮನೆಯವರೆಲ್ಲ ಅಂಗಳಕ್ಕೆ ಓಡಬೇಕು. ಇಷ್ಟನ್ನೂ ಅವನು ಒಂದೇ ಉಸಿರಿಗೆ ಹೇಳಿದ. ಅಂಗಡಿಯವರೂ ಎಲೆ ಎಣಿಸುವುದನ್ನು ಬಿಟ್ಟು ಕೇಳುತ್ತಾ ನಿಂತರು. ನಮ್ಮಜ್ಜಿ ದಿನಾ ಜಗಿಯುವ ಅಡಿಕೆಯ ಬಗ್ಗೆ ನನಗೆ ಅಷ್ಟು ಗೊತ್ತೇ ಇರಲಿಲ್ಲ.

ಮಾರುಕಟ್ಟೆಯಿಂದ ಹೊರಬಂದು ಮೈಸೂರ್‌ಪಾಕ್ ತಿಂದೆವು. ಅರಮನೆಯ ಅಡುಗೆಯವರಾಗಿದ್ದ ಕಾಕಾಸುರ ಮಾದಪ್ಪನವರು ಮಾಡಿದ ತಿಂಡಿ ಅಂತಲೇ ಊರವರು ಹೇಳುವುದು. ಬಿಸಿಯಿತ್ತು. ಇಷ್ಟೇ ಸಾಕು, ತಿಂಡಿಯ ವಿಡಿಯೋಗಳು ಬೇಕಾದಷ್ಟಿವೆ.

ಈಗ ರಾತ್ರಿಯ ಭಾಗ. ಇಲ್ಲಿ ಪರದೆ ಪೂರ್ತಿ ಕಪ್ಪಾಗಿರುತ್ತದೆ. ವಿಡಿಯೋ ಕೆಟ್ಟಿಲ್ಲ, ಹಾಗೇ ಇರಲಿ.

ನಮ್ಮ ರೂಮಿನಲ್ಲಿ ಎಲ್ಲರೂ ಕುಳಿತೆವು. ಕಲಬುರಗಿ ಗೆಳತಿ ಬಂದಿರಲಿಲ್ಲ. ಅವಳು ನರ್ಸ್. ಕೊನೆಯ ಗಳಿಗೆಯಲ್ಲಿ ಡ್ಯೂಟಿ ಬದಲಾಗಿ ಟಿಕೆಟ್ ರದ್ದು ಮಾಡಬೇಕಾಯಿತು. ಬೆಳಿಗ್ಗೆಯಿಂದ ಅವಳಿಗೆ ಫೋಟೋ ಕಳಿಸುತ್ತಲೇ ಇದ್ದೆವು. ಓದುವ ಹೊತ್ತಿಗೆ ಫೋನ್ ಹಚ್ಚಿ, ದಿಂಬಿನ ಮೇಲೆ ಇಟ್ಟೆವು. ಅವತ್ತು ತಮ್ಮನ ಸರದಿ. ಪುಸ್ತಕ ತೆರೆದ. ಅರ್ಧ ಪುಟ ಓದಿ ನಿಲ್ಲಿಸಿದ. ಎಲ್ಲರೂ ತನ್ನನ್ನೇ ನೋಡುತ್ತಿರುವಾಗ ಓದಲು ಆಗುತ್ತಿಲ್ಲ ಅಂತ ಮೆಲ್ಲಗೆ ಹೇಳಿದ. 'ಲೈಟ್ ಆರಿಸಬಹುದಾ?'

ಆರಿಸಿದೆವು. ಮೊಬೈಲಿನ ಟಾರ್ಚು ಪುಟದ ಮೇಲೆ ಹಿಡಿದು ಮತ್ತೆ ಮೊದಲಿನಿಂದ ಓದಿದ. ಅದೇ ದನಿ ಬಂತು. ನಾವು ಗುರುವಾರ ಗುರುವಾರ ಕೇಳುವ ದನಿ.

ಎರಡನೇ ಪುಟಕ್ಕೆ ಇರಬೇಕು, ಅಕ್ಕ 'ಹೂಂ' ಅಂದರು. ಸ್ವಲ್ಪ ಹೊತ್ತಿಗೆ ಅಣ್ಣನೂ 'ಹೂಂ'. ಚಿಕ್ಕವರಿದ್ದಾಗ ಅಜ್ಜಿ ಕತೆ ಹೇಳುತ್ತಿದ್ದರೆ ನಾವು ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಮಗು ಮಲಗಿತು ಅಂತ ಕತೆಯೂ ನಿಲ್ಲುತ್ತಿತ್ತು. ನಮ್ಮ ಕರೆಯಲ್ಲಿ ಅದು ಇರಲೇ ಇಲ್ಲ. ಓದುವವರಿಗೆ ತೊಂದರೆ ಆಗಬಾರದು ಅಂತ ಉಳಿದವರೆಲ್ಲ ಮೈಕ್ ಮುಚ್ಚಿಕೊಂಡು ಕೂರುವುದು ನಮ್ಮ ರೂಢಿ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ಆದರೆ ಓದುವವರ ಕಿವಿಗೆ ಬೀಳುತ್ತಿದ್ದದ್ದು ಬರೀ ಖಾಲಿ. ನನ್ನ ಸರದಿ ಬಂದಾಗಲೆಲ್ಲ ನನಗೂ ಹಾಗೇ ಆಗಿದೆ. ಯಾರಾದರೂ ಇದ್ದಾರೋ, ನಿದ್ದೆ ಹೋದರೋ ಅಂತ ಅಧ್ಯಾಯ ಮುಗಿಯುವವರೆಗೂ ಗೊತ್ತಾಗುತ್ತಿರಲಿಲ್ಲ.

ಕತ್ತಲೆಯಲ್ಲಿ ಹೂಂ ಬರತೊಡಗಿದ ಮೇಲೆ ತಮ್ಮನ ಓದು ಬೇರೆಯಾಯಿತು. ಹೂಂ ಜೋರಾಗಿ ಬಂದ ಕಡೆ ನಿಧಾನ ಮಾಡಿದ. ಅಕ್ಕ ನಕ್ಕರೆ ನಗು ಮುಗಿಯುವವರೆಗೂ ಕಾದ. ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ದಿಂಬಿನ ಮೇಲಿನ ಫೋನಿನಿಂದ ದನಿ ಬಂತು, 'ಹಾಂ, ಮುಂದ ಏನಾಯ್ತು?' ಅವಳೂ ಮೈಕ್ ತೆಗೆದಿಟ್ಟಿದ್ದಳು. ಆಸ್ಪತ್ರೆಯ ಹಾಸ್ಟೆಲಿನ ಫ್ಯಾನಿನ ಸದ್ದೂ ಜೊತೆಗೆ ಕೇಳುತ್ತಿತ್ತು. ಅವತ್ತು ಎರಡು ಅಧ್ಯಾಯ ಮುಗಿದವು. ಯಾರಿಗೂ ಲೈಟ್ ಹಾಕುವ ಮನಸ್ಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಕೆರೆ. ಕುವೆಂಪು ಅವರು ವಾಕಿಂಗ್ ಮಾಡುತ್ತಿದ್ದ ದಾರಿ ಅಂತ ಮೈಸೂರಿನವರು ಈಗಲೂ ಅಭಿಮಾನದಿಂದ ಹೇಳುತ್ತಾರೆ. ನೀರಿನಲ್ಲಿ ದೊಡ್ಡ ಕೊಕ್ಕಿನ ಹೆಜ್ಜಾರ್ಲೆಗಳಿದ್ದವು. ಮಂಡ್ಯದಣ್ಣನಿಗೆ ಅವುಗಳನ್ನು ನೋಡಿ ನೆಂಟರನ್ನು ಕಂಡಷ್ಟು ಖುಷಿ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇವು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರ ಜನರೇ ಕಾಯುತ್ತಾರೆ. ಅದನ್ನೆಲ್ಲ ಅವರು ವಿವರವಾಗಿ ಹೇಳಿದರು. ಅಕ್ಕ ನಿಧಾನ ನಡೆಯುತ್ತಾರೆ, ಪ್ರತಿ ಮರದ ಹತ್ತಿರ ನಿಲ್ಲುತ್ತಾರೆ. ಫೋನಿನಲ್ಲಿ ಗೊತ್ತಾಗದ ಸಂಗತಿ ಇದು. ಅವರ ಹೆಜ್ಜೆಗೆ ನಾವೂ ನಿಧಾನವಾದೆವು. ಮೃಗಾಲಯ, ಬೃಂದಾವನ ಎಲ್ಲ ಪಟ್ಟಿಯಿಂದ ಬಿಟ್ಟುಹೋದವು. ನನಗೆ ಅದರ ಬೇಸರ ಒಂಚೂರೂ ಇಲ್ಲ.

ಅಲ್ಲಿಂದ ಆಟೋ ಹಿಡಿದು ಯಾದವಗಿರಿಗೆ ಹೋದೆವು. ಆರ್. ಕೆ. ನಾರಾಯಣ್ ಅವರ ಮನೆ 2016ರಿಂದ ವಸ್ತುಸಂಗ್ರಹಾಲಯವಾಗಿದೆ. ಅಲ್ಲೇ ಹತ್ತಿರ ಆಕಾಶವಾಣಿ. ನಾನು ಮೈಸೂರಿಗೆ ಬಂದರೆ ನೋಡಲೇಬೇಕು ಅಂದುಕೊಂಡಿದ್ದ ಜಾಗ ಅದು. 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಈ ಭಾಗದಲ್ಲೇ ಇದ್ದ ತಮ್ಮ ಸ್ವಂತ ಮನೆಯಿಂದ ರೇಡಿಯೋ ಪ್ರಸಾರ ಶುರು ಮಾಡಿದರು. ಸರ್ಕಾರದ್ದಲ್ಲ, ಕಂಪನಿಯದಲ್ಲ, ಮನೆಯಿಂದ. ನಾವು ಗೇಟಿನ ಹೊರಗೆ ನಿಂತೇ ನೋಡಿದೆವು. ಆ ಕಾಲದಲ್ಲಿ ಅಲ್ಲಿ ಮೈಕಿನ ಮುಂದೆ ಕೂತವರಿಗೂ ಕೇಳುವವರ ಮುಖ ಕಾಣುತ್ತಿರಲಿಲ್ಲ. ಯಾವುದೋ ಮನೆಯ ಜಗಲಿಯಲ್ಲಿ ಯಾರೋ ಹೂಂ ಅಂದಿರುತ್ತಾರೆ. ಅದು ವಾಪಸ್ ಬರುವ ದಾರಿ ಇರಲಿಲ್ಲ. ನಮಗೆ ದಾರಿ ಇದೆ. ನಾವೇ ಮುಚ್ಚಿಟ್ಟುಕೊಂಡಿದ್ದೇವೆ.

ಇದನ್ನು ನಾನು ಅಲ್ಲೇ ನಿಂತು ಹೇಳಿದೆ. ಗುರುವಾರದಿಂದ ಮೈಕ್ ತೆರೆದಿಡೋಣ ಅಂತ ಅಲ್ಲೇ ತೀರ್ಮಾನವಾಯಿತು. ಗದ್ದಲ ಜಾಸ್ತಿ ಆಗುತ್ತದೆ ಅಂತ ಅಣ್ಣನಿಗೆ ಅನುಮಾನ. ಅವರ ಮನೆ ಕೊಟ್ಟಿಗೆಗೆ ಅಂಟಿಕೊಂಡಿದೆ. 'ಎಮ್ಮೆ ಕೂಗಿದ್ರೆ ಕೂಗ್ಲಿ ಬಿಡ್ರಿ, ಅದೂ ಕೇಳ್ತದ' ಅಂದರು ಅಕ್ಕ.

ಸಂಜೆ ಏಳಕ್ಕೆ ಅರಮನೆಯ ದೀಪ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಹಳೆಯ ಮರದ ಅರಮನೆ 1897ರಲ್ಲಿ ಬೆಂಕಿಗೆ ಹೋದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಅರಮನೆ ಇದು. ಜನವೋ ಜನ. ಅಕ್ಕನನ್ನು ಮಧ್ಯೆ ನಿಲ್ಲಿಸಿಕೊಂಡು ಸುತ್ತ ನಾವು ನಿಂತೆವು. ಫೋನ್ ಎತ್ತಿ ಹಿಡಿದು ಕಲಬುರಗಿಗೂ ತೋರಿಸಿದೆವು.

ಆಮೇಲೆ ಲೆಕ್ಕ. ಅಣ್ಣ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಆಟೋ, ಕಾಫಿ, ಬಾಳೆಹಣ್ಣು ಎಲ್ಲ ಬರೆದಿದ್ದರು. ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸಮಸಮ ಹಂಚಿದರು. ಹೂವಿನ ದುಡ್ಡು ಮಾತ್ರ ಅಕ್ಕ ಹಂಚಲು ಬಿಡಲಿಲ್ಲ. ತಮ್ಮ ಇನ್ನೂ ಓದುತ್ತಿರುವವನು, ಅವನ ಪಾಲು ಕಡಿಮೆ ಮಾಡೋಣ ಅಂದೆವು. ಅವನು ಒಪ್ಪಲಿಲ್ಲ. ಆಗ ಅಕ್ಕ, 'ಹಂಗಾರ ಮುಂದಿನ ಸಲ ನೀ ನಿಮ್ಮನಿ ಅಡಿಕಿ ತಗೊಂಡ ಬಾ, ಸಾಕು' ಅಂದರು. ಮುಂದಿನ ಸಲ ಧಾರವಾಡ. ಕೆಲಗೇರಿ ಕೆರೆ ತೋರಿಸುತ್ತಾರಂತೆ, ಪೇಢಾ ಕೊಡಿಸುತ್ತಾರಂತೆ. ಇಳಿದುಕೊಳ್ಳುವುದು ಲಾಡ್ಜಿನಲ್ಲಲ್ಲ, ಅವರ ಮನೆಯಲ್ಲೇ. ತಮ್ಮನ ಪರೀಕ್ಷೆ ಮುಗಿಯಬೇಕು, ಕಲಬುರಗಿ ಗೆಳತಿಗೆ ರಜೆ ಸಿಗಬೇಕು. ಅವಳ ರಜೆಯನ್ನು ಮೊದಲು ಕೇಳಿ, ಆಮೇಲೆಯೇ ತಾರೀಖು ಗೊತ್ತು ಮಾಡುತ್ತೇವೆ. ಈ ಗುರುವಾರ ಓದುವುದು ಮಂಡ್ಯದಣ್ಣ. ಪುಸ್ತಕದ ಕನ್ನಡ ಬೇಡ, ನಿಮ್ಮ ಮಾತಿನಲ್ಲೇ ಒಂದು ಕತೆ ಹೇಳಿ ಅಂತ ಎಲ್ಲರೂ ಪಟ್ಟು ಹಿಡಿದಿದ್ದೇವೆ. ಅವರು ಒಪ್ಪಿದ್ದಾರೆ.