ಇಳಿತದ ಹೊತ್ತು ನೋಡಿ ಹೊರಡಿ: ಮನೆಮಂದಿಯ ಕಡಲ ರಜೆ

ಎಲ್ಲರಿಗೂ ನಮಸ್ಕಾರ.

ಬಿಸಿಲ ನಾಡಿನ ಕಡಲ ತೀರಕ್ಕೆ ಮನೆಮಂದಿಯೆಲ್ಲ ಹೊರಟಾಗ ನಾವು ಮೊದಲು ಮಾಡುವ ಕೆಲಸ ಪಟ್ಟಿ ಬರೆಯುವುದು. ಬೋಟಿಂಗ್, ಸ್ನಾರ್ಕ್ಲಿಂಗ್, ಬನಾನಾ ರೈಡ್, ವಾಟರ್ ಪಾರ್ಕ್, ಸನ್‌ಸೆಟ್ ಪಾಯಿಂಟ್. ಮೂರು ದಿನಕ್ಕೆ ಹದಿನೈದು ಐಟಂ. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಚಿಕ್ಕದು ರಚ್ಚೆ ಹಿಡಿದಿರುತ್ತದೆ, ದೊಡ್ಡದು ಮೊಬೈಲಿನಲ್ಲಿ ಮುಳುಗಿರುತ್ತದೆ, ಅಜ್ಜಿಗೆ ಮಂಡಿನೋವು. ನಿಮಗೂ ಗೊತ್ತಿರುವ ಕಥೆಯೇ, ಅಲ್ವಾ?

ನಾನು ಹೇಳುವುದು ಇಷ್ಟೇ. ಆ ಪಟ್ಟಿಯನ್ನು ಬದಿಗಿಡಿ. ತಲುಪಿದ ದಿನವೇ ಅಲ್ಲಿನ ಉಬ್ಬರ-ಇಳಿತದ ಸಮಯ ಕೇಳಿಕೊಳ್ಳಿ, ದಿನದ ಪ್ಲಾನ್ ಅದರ ಮೇಲೆ ಮಾಡಿ. ಕಡಲಲ್ಲಿ ಮಕ್ಕಳಿಗೆ ಸಿಗುವ ಒಳ್ಳೊಳ್ಳೆ ಆಟಗಳಿಗೆ ಟಿಕೆಟ್ ಇಲ್ಲ, ಹೊತ್ತು ಮಾತ್ರ ಇದೆ.

ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ನೀರು ಏರಿದ ಮೇಲೆ ಪೂರ್ತಿ ಇಳಿಯಲು ಸುಮಾರು 6 ಗಂಟೆ 12 ನಿಮಿಷ ಬೇಕು. ಚಂದ್ರ ದಿನಾ ತಡವಾಗಿ ಹುಟ್ಟುತ್ತಾನಲ್ಲ, ಹಾಗೇ ಈ ಹೊತ್ತೂ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ಇಳಿತವಾದರೆ ನಾಳೆ ಎಂಟರ ಹತ್ತಿರ. ಮೆಕ್ಸಿಕೋ ಕೊಲ್ಲಿಯ ಹಲವು ತೀರಗಳಂಥ ಕಡೆ ದಿನಕ್ಕೆ ಒಂದೇ ಉಬ್ಬರ ಬರುವುದೂ ಉಂಟು. ಅದಕ್ಕೇ ಅಲ್ಲಿಯವರನ್ನೇ ಕೇಳಿ ಅಂದಿದ್ದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ತುಂಬಾ ದೂರ ಹಿಂದೆ ಸರಿಯುತ್ತದೆ. ರಜೆಯ ತಾರೀಕು ನಿಮ್ಮ ಕೈಯಲ್ಲೇ ಇದ್ದರೆ ಆ ದಿನಗಳನ್ನು ಹಿಡಿಯಿರಿ.

ಇಳಿತಕ್ಕೆ ಒಂದು ಗಂಟೆ ಮುಂಚೆ ಬಂಡೆಗಳ ಕಡೆ ಹೊರಡಿ. ನೀರು ತಿರುಗಿದ ಕೂಡಲೇ ವಾಪಸು ಬನ್ನಿ. ಬಂಡೆಯ ಗುಳಿಗಳಲ್ಲಿ ನಿಂತ ನೀರಿನ ಪಕ್ಕ ಮಗುವನ್ನು ಸುಮ್ನೆ ಐದು ನಿಮಿಷ ಕೂರಿಸಿ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಒಂದು ಶಂಖ ನಡೆಯತೊಡಗುತ್ತದೆ. ಅದು ಶಂಖದ ಹುಳುವಲ್ಲ, ಒಳಗೆ ಸೇರಿಕೊಂಡ ಸನ್ಯಾಸಿ ಏಡಿ. ಈ ಏಡಿಗೆ ಹಿಂಭಾಗದಲ್ಲಿ ಸ್ವಂತ ಚಿಪ್ಪಿಲ್ಲ. ಬೆಳೆದ ಹಾಗೆಲ್ಲ ದೊಡ್ಡ ಶಂಖ ಹುಡುಕಬೇಕು. ಒಳ್ಳೆಯ ಖಾಲಿ ಶಂಖ ಕಂಡರೆ ಕೆಲವೊಮ್ಮೆ ಹಲವು ಏಡಿಗಳು ಗಾತ್ರದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ದೊಡ್ಡದು ಮನೆ ಬದಲಿಸಿದ ತಕ್ಷಣ ಅದರ ಹಳೆ ಮನೆಗೆ ಹಿಂದಿನದು, ಅದರದಕ್ಕೆ ಇನ್ನೊಂದು. ಇದನ್ನು ಕೇಳಿದ ಮೇಲೆ ಮಕ್ಕಳು ಶಂಖವನ್ನು ಚೀಲಕ್ಕೆ ಹಾಕಿಕೊಳ್ಳಲು ತಾವೇ ಹಿಂದೆಮುಂದೆ ನೋಡುತ್ತಾರೆ. ನೀವು ಉಪದೇಶ ಮಾಡಬೇಕಿಲ್ಲ.

ಒಂದು ಎಚ್ಚರಿಕೆ. ಕೋನ್ ಆಕಾರದ, ಚಂದದ ಚಿತ್ತಾರವಿರುವ ಜೀವಂತ ಶಂಖವನ್ನು ಮುಟ್ಟಲೇಬಾರದು. ಕೋನ್ ಸ್ನೇಲ್ ಅಂತಾರೆ. ಅದರ ವಿಷದ ಮುಳ್ಳು ದೊಡ್ಡವರ ಪ್ರಾಣವನ್ನೂ ತೆಗೆದದ್ದಿದೆ. ಕಾಲಿಗೆ ಗಟ್ಟಿ ಅಡಿಯ ಶೂ ಇರಲಿ. ಹವಳದ ಪ್ರದೇಶದಲ್ಲಿ ಕಲ್ಲಿನ ಹಾಗೇ ಬಿದ್ದಿರುವ ಸ್ಟೋನ್‌ಫಿಶ್ ಇರಬಹುದು.

ಬಂಡೆ ಇಲ್ಲದ ಬರೀ ಮರಳ ತೀರವಾದರೆ? ಅಲ್ಲೂ ನೋಡುವುದಿದೆ. ಹಿಂದೂ ಮಹಾಸಾಗರ, ಪಶ್ಚಿಮ ಪೆಸಿಫಿಕ್ ತೀರಗಳಲ್ಲಿ ಇಳಿತದ ಹೊತ್ತಿಗೆ ಒದ್ದೆ ಮರಳಿನ ಮೇಲೆ ಸಾವಿರಾರು ಪುಟ್ಟ ಮರಳುಂಡೆಗಳು ಕಾಣುತ್ತವೆ. ಸಣ್ಣ ಏಡಿಗಳ ಕೆಲಸ ಅದು. ಮರಳನ್ನು ಬಾಯಿಗೆ ತೆಗೆದುಕೊಂಡು, ಅದರಲ್ಲಿ ತಿನ್ನುವಂಥದ್ದನ್ನು ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತವೆ. ಬಿಲದಿಂದ ಹೊರಟ ಗೆರೆಗಳ ಗುಂಟ ಉಂಡೆಗಳ ಸಾಲು. ಹತ್ತಿರ ಹೋದರೆ ಎಲ್ಲ ಮಾಯ. ಅಲ್ಲಾಡದೆ ಕೂತರೆ ಮತ್ತೆ ಬರುತ್ತವೆ. ಮಾತು ನಿಲ್ಲಿಸದ ಮಗುವೂ ಇಲ್ಲಿ ಬಾಯಿ ಮುಚ್ಚಿ ಕೂರುತ್ತದೆ.

ಮರಳ ಮನೆ ಕಟ್ಟುವುದನ್ನು ನಾನು ಕಲಿಸಬೇಕಿಲ್ಲ. ಒಂದೇ ಗುಟ್ಟು: ನೀರು ಕಣಗಳನ್ನು ಅಂಟಿಸುವಷ್ಟಿರಲಿ, ತೇಲಿಸುವಷ್ಟು ಬೇಡ. ಇನ್ನು ಹವಳದ ದ್ವೀಪಗಳ ಬೆಳ್ಳನೆ ಮರಳಿನಲ್ಲಿ ಒಂದು ದೊಡ್ಡ ಪಾಲು ಪ್ಯಾರಟ್‌ಫಿಶ್ ಹೊಟ್ಟೆಯಿಂದ ಬಂದದ್ದು. ಹವಳದ ಕಲ್ಲನ್ನು ಕಚ್ಚಿ, ಅರೆದು, ಹಿಂದಿನಿಂದ ಮರಳಾಗಿ ಬಿಡುತ್ತದೆ. ದೊಡ್ಡ ಮೀನೊಂದು ವರ್ಷಕ್ಕೆ ನೂರಾರು ಕಿಲೋ ಮಾಡಬಲ್ಲದು. ಇದನ್ನು ಮಕ್ಕಳು ಊರಿಗೆ ಹೋಗಿ ಎಲ್ಲರಿಗೂ ಹೇಳುತ್ತಾರೆ, ನೋಡಿ ಬೇಕಾದರೆ.

ಈಗ ನೀರಿಗಿಳಿಯುವ ವಿಷಯ. ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ಅಲೆ ಒಡೆಯುವ ಕಡೆ ನಮಗೆ ಭಯ. ಎರಡು ಅಲೆಗಳ ನಡುವೆ ಸಪಾಟಾಗಿ, ಶಾಂತವಾಗಿ ಕಾಣುವ ಜಾಗ ಸಿಕ್ಕರೆ ಮಗುವನ್ನು ಅಲ್ಲೇ ಇಳಿಸುತ್ತೇವೆ. ಎಷ್ಟೋ ಸಲ ಅದೇ ರಿಪ್ ಕರೆಂಟ್, ಅಂದರೆ ದಡಕ್ಕೆ ಬಂದ ನೀರು ಜೋರಾಗಿ ಕಡಲಿಗೆ ಮರಳುವ ದಾರಿ. ಅದು ಕೆಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಜನ ಮುಳುಗುವುದು ಅದಕ್ಕೆ ಎದುರಾಗಿ ಈಜಿ ಸುಸ್ತಾಗಿ. ಸಿಕ್ಕಿಕೊಂಡರೆ ತೇಲಿ, ಕೈ ಎತ್ತಿ ಕರೆಯಿರಿ. ಈಜುವ ಶಕ್ತಿ ಇದ್ದರೆ ದಡದ ಉದ್ದಕ್ಕೆ ಈಜಿ, ಸೆಳೆತ ದಾಟಿದ ಮೇಲೆ ದಡಕ್ಕೆ ತಿರುಗಿ. ಕೆಂಪು-ಹಳದಿ ಬಾವುಟಗಳ ನಡುವೆ ಲೈಫ್‌ಗಾರ್ಡ್ ಕಾವಲಿರುತ್ತದೆ. ಬರೀ ಕೆಂಪು ಬಾವುಟ ಹಾರುತ್ತಿದ್ದರೆ ಆ ದಿನ ಮರಳಿನಲ್ಲೇ ಆಟ. ನೇರಳೆ ಬಾವುಟ ಕಂಡರೆ ಜೆಲ್ಲಿಫಿಶ್‌ನಂಥವು ಇವೆ ಅಂತ ಅರ್ಥ.

ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವ ಹಾಗೆ ಕಿರುಚುವುದಿಲ್ಲ, ನೀರು ಬಡಿಯುವುದೂ ಕಡಿಮೆ. ಬಾಯಿ ನೀರ ಮಟ್ಟದಲ್ಲೇ ಇರುವಾಗ ಕೂಗುವುದು ಎಲ್ಲಿಂದ? ಚಿಕ್ಕವರು ಯಾವಾಗಲೂ ಕೈಗೆಟಕುವಷ್ಟು ಹತ್ತಿರ ಇರಬೇಕು. ‘ಎಲ್ಲರೂ ನೋಡ್ತಿದ್ದಾರಲ್ಲ’ ಅಂದರೆ ಯಾರೂ ನೋಡುತ್ತಿಲ್ಲ ಅಂತಲೇ. ಸರದಿ ಮಾಡಿಕೊಳ್ಳಿ, ಸರದಿಯವರ ಕೈಯಲ್ಲಿ ಫೋನ್ ಬೇಡ. ಗಾಳಿ ತುಂಬಿದ ಬಾತುಕೋಳಿ, ಟ್ಯೂಬುಗಳು ಈಜುಕೊಳಕ್ಕೆ ಸರಿ. ದಡದಿಂದ ಬೀಸುವ ಗಾಳಿಗೆ ಅವು ನಿಮಿಷದಲ್ಲಿ ದೂರ ಹೋಗಿಬಿಡುತ್ತವೆ.

ಸ್ನಾರ್ಕ್ಲಿಂಗ್‌ಗೆ ಗಡಿಬಿಡಿ ಬೇಡ. ಮೊದಲ ದಿನ ಸೊಂಟದ ಮಟ್ಟದ ನೀರಲ್ಲಿ ಅಭ್ಯಾಸ. ಮಾಸ್ಕ್ ಸರಿಯಾಗಿದೆಯಾ ಅಂತ ನೋಡಲು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿಕೊಂಡೇ ಇದ್ದರೆ ಸರಿ. ಲೈಫ್ ಜಾಕೆಟ್ ಹಾಕಿ ತೇಲುತ್ತಾ ನೋಡಿದರೆ ಸಾಕು. ಹವಳದ ಮೇಲೆ ಕಾಲೂರಬೇಡಿ. ಅದು ಕಲ್ಲಲ್ಲ, ಪ್ರಾಣಿ. ಗುಂಡನೆಯ ದೊಡ್ಡ ಹವಳಗಳು ವರ್ಷಕ್ಕೆ ಬೆಳೆಯುವುದು ಹೆಚ್ಚೆಂದರೆ ಒಂದೆರಡು ಸೆಂಟಿಮೀಟರ್.

ಹತ್ತರಿಂದ ನಾಲ್ಕರವರೆಗೆ ಬಿಸಿಲಿಗೆ ಬೀಳಬೇಡಿ. ಮೋಡವಿದ್ದರೂ ಸುಡುತ್ತದೆ. ಉದ್ದ ತೋಳಿನ ಈಜು ಅಂಗಿ ಕ್ರೀಮಿಗಿಂತ ವಾಸಿ, ಕ್ರೀಮನ್ನು ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಆಕ್ಸಿಬೆನ್‌ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರುವಂತಿಲ್ಲ. ಕೊಳ್ಳುವಾಗ ಲೇಬಲ್ ನೋಡಿ. ನೆರಳು ಬೇಕು, ಆದರೆ ಕಾಯಿ ತುಂಬಿದ ತೆಂಗಿನ ಮರದ ಕೆಳಗೆ ಚಾಪೆ ಹಾಸಬೇಡಿ. ಮಧ್ಯಾಹ್ನ ನಿದ್ದೆ ಮಾಡಿ. ರಜೆ ಅಂದಮೇಲೆ ಅದೂ ಒಂದು ಐಟಂ ತಾನೇ.

ಅಜ್ಜ-ಅಜ್ಜಿಯರಿಗೆ ಇಳಿತದ ನಂತರದ ಒದ್ದೆ ಮರಳು ಒಳ್ಳೆಯದು. ಗಟ್ಟಿಯಾಗಿರುತ್ತದೆ, ಕಾಲು ಹೂತುಕೊಳ್ಳುವುದಿಲ್ಲ. ಹದಿಹರೆಯದವರಿಗೆ ಕಾಂಡ್ಲಾ ಕಾಡಿನ, ಅಂದರೆ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ ನಡುವೆ ಕಯಾಕಿಂಗ್ ಹಿಡಿಸುತ್ತದೆ, ಇದಕ್ಕೆ ಮಾತ್ರ ಉಬ್ಬರ ಬೇಕು, ಇಳಿತದಲ್ಲಿ ಕೆಸರಿನಲ್ಲಿ ಸಿಕ್ಕಿಬೀಳುತ್ತೀರಿ. ತೊಟ್ಟಿಯಲ್ಲಿಟ್ಟು ಕುಣಿಸುವ ಡಾಲ್ಫಿನ್ ಶೋ ನನ್ನ ಪಟ್ಟಿಯಲ್ಲಿಲ್ಲ. ಚರ್ಚೆಗೆ ಬೇಕಾದರೆ ಆಮೇಲೆ ಸಿಗುತ್ತೇನೆ.

ಭೂಮಧ್ಯರೇಖೆಯ ಹತ್ತಿರ ಸಂಜೆ ಅನ್ನುವುದು ತುಂಬಾ ಚಿಕ್ಕದು. ಸೂರ್ಯ ನೆಟ್ಟಗೆ ಇಳಿಯುತ್ತಾನೆ, ಅರ್ಧ ಗಂಟೆಯೊಳಗೆ ಕತ್ತಲು. ಟಾರ್ಚ್ ಜೊತೆಗಿರಲಿ. ಬಿದಿಗೆಯ ಚಂದ್ರ ಅಲ್ಲಿ ಅಂಗಾತ ಮಲಗಿರುತ್ತಾನೆ, ಮಕ್ಕಳಿಗೆ ತೋರಿಸಿ. ಆಮೆಗಳು ಬರುವ ತೀರವಾದರೆ ಟಾರ್ಚಿಗೆ ಕೆಂಪು ಹಾಳೆ ಕಟ್ಟಿ, ಫ್ಲ್ಯಾಶ್ ಆರಿಸಿ. ಮರಿಗಳು ಬೆಳಕು ಜಾಸ್ತಿ ಇರುವ ದಿಕ್ಕನ್ನೇ ಕಡಲು ಅಂದುಕೊಂಡು ನಡೆಯುತ್ತವೆ. ನಮ್ಮ ಬಲ್ಬುಗಳು ಅವನ್ನು ರಸ್ತೆಗೆ ಕರೆದುಬಿಡುತ್ತವೆ. ಎತ್ತಿ ನೀರಿಗೆ ಬಿಡೋಣ ಅಂತ ಮಕ್ಕಳು ಹಟ ಮಾಡಿದರೂ ಬೇಡ. ಅಲ್ಲಿನ ಕಾವಲಿನವರು ಕರೆದುಕೊಂಡು ಹೋಗುವ ವ್ಯವಸ್ಥೆ ಇದ್ದರೆ ಅವರ ಜೊತೆ ಹೋಗಿ.

ಇನ್ನು ನಿಮ್ಮ ಪ್ರಶ್ನೆಗಳು. ಮೈಕ್ ಹಿಂದಿನ ಸಾಲಿಗೂ ಬರುತ್ತದೆ.