ಇರುವೆಯ ಇನ್ನೆರಡು ಬೂಟು ಎಲ್ಲಿ?

ಮೊನ್ನೆ ತೀರ್ಥಹಳ್ಳಿಯ ಕಡೆಯಿರುವ ಅಕ್ಕನ ಮನೆಗೆ ಹೋಗುವಾಗ, ಶಿವಮೊಗ್ಗದಲ್ಲಿ ಬಸ್ ಇಳಿದು ಅವಳ ಮಗಳಿಗೆಂದು ಪದ್ಯದ ಪುಸ್ತಕವೊಂದನ್ನು ಕೊಂಡೆ. ಪುಟದ ತುಂಬ ಬಣ್ಣಬಣ್ಣದ ಹುಳುಗಳು, ಪಕ್ಕದಲ್ಲಿ ನಗೆಪದ್ಯಗಳು. ಹುಡುಗಿ ಜಗಲಿಯಲ್ಲಿ ಕುಳಿತು ಮೊದಲ ಪುಟ ತೆರೆದಳು. ಬೆನ್ನಿಗೆ ಚೀಲ ಹಾಕಿಕೊಂಡು, ಬೂಟು ತೊಟ್ಟು ಶಾಲೆಗೆ ಹೊರಟ ಇರುವೆ. ಬೆರಳಿಟ್ಟು ಎಣಿಸಿದಳು. ಎದ್ದುಹೋಗಿ, ಕಂಬದ ಮೇಲೆ ಹರಿಯುತ್ತಿದ್ದ ಗೊದ್ದದ ಹತ್ತಿರ ಮೂಗು ಒಯ್ದು ಮತ್ತೆ ಎಣಿಸಿದಳು. "ಮಾವ, ಇದರ ಇನ್ನೆರಡು ಕಾಲು ಎಲ್ಲಿ ಹೋದವು?"

ಬೂಟಿನ ಬಗ್ಗೆ ನನ್ನ ತಕರಾರಿಲ್ಲ. ಹಾಕಿಸಿ, ಆದರೆ 6 ಹಾಕಿಸಿ. ಆರನೆಯ ಬೂಟಿನ ಲಾಡಿ ಕಟ್ಟುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದೇಹೋಯಿತು ಎಂದು ಬರೆಯಿರಿ, ಮಗು ಬಿದ್ದು ಬಿದ್ದು ನಗುತ್ತದೆ. 4 ಬೂಟು ಬರೆದವರು ಆ ನಗೆಯನ್ನೇ ಕೈಬಿಟ್ಟರಲ್ಲ ಎಂಬುದು ನನ್ನ ಸಂಕಟ. ಪದ್ಯ ಎಷ್ಟು ಬೇಕಾದರೂ ಸುಳ್ಳು ಹೇಳಲಿ, ಅದು ಅದರ ಹಕ್ಕು. ಚಿತ್ರವನ್ನು ಮಾತ್ರ ಹುಳುವನ್ನು ನೋಡಿಯೇ ಬರೆಯಬೇಕು.

ಜೀರುಂಡೆಯ ಕೈಗೆ ಪಿಟೀಲು ಕೊಡುವುದು ವಾಡಿಕೆ. ಆಗುಂಬೆಯ ಕಾಡನ್ನೇ ಗುಂಯ್‌ಗುಡಿಸುವ ಜೀರುಂಡೆಗೆ ಪಿಟೀಲು ಏಕೆ? ಗಂಡು ಜೀರುಂಡೆಯ ಹೊಟ್ಟೆಯ ಎರಡು ಬದಿಗೂ ಡೋಲಿನ ಚರ್ಮದಂಥ ಪೊರೆಗಳಿವೆ. ಸ್ನಾಯು ಅವನ್ನು ಎಳೆದು ಬಿಟ್ಟಾಗ ಸದ್ದು ಹೊರಡುತ್ತದೆ, ಟೊಳ್ಳು ಹೊಟ್ಟೆ ಅದನ್ನು ಹಿಗ್ಗಿಸುತ್ತದೆ. ಇನ್ನು ರಾತ್ರಿ ಮನೆಯ ಮೂಲೆಯಲ್ಲಿ ಕಿರ್ರೆನ್ನುವ ಚಿಮ್ಮಂಡೆ. ಅದರ ಕಿವಿ ಇರುವುದು ಮುಂಗಾಲಿನಲ್ಲಿ, ಮೊಣಕಾಲಿನ ಕೆಳಗೆ. ಅದರ ಅಮ್ಮ ಕಿವಿ ಹಿಂಡಬೇಕಾದರೆ ಕಾಲು ಹಿಡಿಯಬೇಕು!

ನನಗೆ ಎಲ್ಲಕ್ಕಿಂತ ಪ್ರೀತಿಯದು ಚಗಳಿ ಎಂಬ ಕೆಂಪಿರುವೆ. ಅದರ ಚಟ್ನಿಯ ರುಚಿ ಬಲ್ಲ ಮಲೆನಾಡಿನವರಿಗೆ ಅದನ್ನು ಪರಿಚಯಿಸಬೇಕಾಗಿಲ್ಲ. ಮಾವಿನ ಮರದಲ್ಲಿ ಅದು ಗೂಡು ಕಟ್ಟುವುದನ್ನು ಒಮ್ಮೆ ನಿಂತು ನೋಡಿ. ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು, ಸರಪಳಿಯಾಗಿ ಎಲೆಗಳ ಅಂಚನ್ನು ಹತ್ತಿರಕ್ಕೆ ಎಳೆಯುತ್ತವೆ. ಬೆಳೆದ ಇರುವೆಗೆ ನೂಲು ತೆಗೆಯಲು ಬಾರದು, ನೂಲು ಬರುವುದು ಮರಿಹುಳುವಿನ ಬಾಯಿಂದ. ಹಾಗಾಗಿ ಮರಿಯನ್ನೇ ದವಡೆಯಲ್ಲಿ ಎತ್ತಿಕೊಂಡು, ಈ ಅಂಚಿಗೊಮ್ಮೆ ಆ ಅಂಚಿಗೊಮ್ಮೆ ಮುಟ್ಟಿಸುತ್ತ, ಮಗ್ಗದ ಲಾಳಿಯಂತೆ ಆಡಿಸುತ್ತವೆ. ಆ ರಾತ್ರಿ ಹುಡುಗಿಗೆಂದು ನಾಲ್ಕು ಸಾಲು ಬರೆದೆ:

ಚಗಳಿ ಅಕ್ಕ ಹೊಲಿವ ಮನೆಗೆ
ಸೂಜಿ ದಾರ ಇಲ್ಲ;
ಪಾಪುವೆತ್ತಿ ಎಲೆಗೆ ಒತ್ತಿ
ಹೊಲಿದುಬಿಟ್ಟಳಲ್ಲ!

ಮೊದಲು 'ಅಮ್ಮ' ಎಂದು ಬರೆದಿದ್ದೆ. ಆದರೆ ದುಡಿಯುವ ಇರುವೆಗಳೆಲ್ಲ ಹೆಣ್ಣು, ರಾಣಿಯ ಮಕ್ಕಳು. ಮರಿಯನ್ನು ಎತ್ತಿಕೊಂಡು ತಿರುಗುವವಳು ಅಕ್ಕನೇ. ಪದ ಬದಲಿಸಿದ್ದೇ ತಡ, ಪದ್ಯಕ್ಕೆ ಜೀವ ಬಂತು. ತಮ್ಮನನ್ನು ಸೊಂಟದಲ್ಲಿ ಹೊತ್ತು ತೋಟ ಸುತ್ತುವ ಅಕ್ಕಂದಿರು ನಮ್ಮ ಊರುಗಳಲ್ಲಿ ಎಷ್ಟಿಲ್ಲ!

ಇನ್ನೊಂದು ಮಾತು. ಇರುವೆಯ ಪದ್ಯವೆಂದರೆ ಕೊನೆಗೆ 'ನೀನೂ ಹೀಗೆಯೇ ದುಡಿ' ಎನ್ನುವ ಬುದ್ಧಿವಾದವನ್ನು ದಯವಿಟ್ಟು ಬಿಡಿ. ನಗುತ್ತಿರುವ ಮಗುವಿಗೆ ಕಷಾಯ ಕುಡಿಸಬೇಡಿ.

ಪದ್ಯದ ಕೆಳಗೆ ಚಿತ್ರ ಬರೆಯುವ ಕೆಲಸವನ್ನು ಹುಡುಗಿಗೇ ಬಿಟ್ಟೆ. ಬೆಳಿಗ್ಗೆ ಮಾವಿನ ಮರದ ಕೆಳಗೆ, ಮೈಗೆ ಚಗಳಿ ಹತ್ತದಷ್ಟು ದೂರದಲ್ಲಿ ನಿಂತು ನೋಡಿ ಬಂದು ಬರೆದಳು. ಕೆಂಪು ಇರುವೆ, ಬಾಯಲ್ಲಿ ಬಿಳಿ ಪಾಪು, 6 ಕಾಲು, ಆರೂ ನಡುವಿನ ಭಾಗದಿಂದಲೇ ಹೊರಟಿವೆ. ಪಾಪುವಿನ ಬಾಯಿಂದ ಎಲೆಯವರೆಗೆ ಪೆನ್ಸಿಲಿನ ತೆಳು ಗೆರೆ. ಗೆರೆ ಎಳೆದು ಮುಗಿಸಿ ತಲೆಯೆತ್ತಿ ಕೇಳಿದಳು: "ಪಾಪುವಿನ ನೂಲೆಲ್ಲ ಖಾಲಿಯಾದರೆ ಏನು ಮಾಡುತ್ತಾರೆ ಮಾವ?"

ಎರಡನೆಯ ಪದ್ಯವನ್ನು ಅಲ್ಲಿಂದಲೇ ಶುರುಮಾಡಿದ್ದೇನೆ.